ಕೊಲ್ಲಿ ನಾಡುಗಳ ರಂಜಾನ್: ಮುಸ್ಲಿಮೇತರ ಕನ್ನಡ ಕುಟುಂಬಗಳು ಅರಿತಿರಬೇಕಾದ ಸಂಗತಿಗಳು

ಸಿರುಗುಪ್ಪ: ತುಂಗಭದ್ರೆಯ ದಂಡೆಯ ಈ ಊರಿನಲ್ಲಿ ಬೆಳೆದವರಿಗೆ ರಂಜಾನ್ ಹೊಸತಲ್ಲ. ಸಂಜೆಯ ಬಾಂಗು ಕೇಳಿದೊಡನೆ ನೆರೆಮನೆಯವರು ಖರ್ಜೂರ ಬಾಯಿಗಿಡುವುದನ್ನೂ, ಹಬ್ಬದ ದಿನ ಸುರಕುಂಬಾದ ಪಾತ್ರೆ ಗೋಡೆಯಾಚೆಯಿಂದ ಈಚೆಗೆ ಬರುವುದನ್ನೂ ಬಾಲ್ಯದಿಂದಲೇ ಕಂಡವರು ಇಲ್ಲಿನ ಜನ. ಬಳ್ಳಾರಿ ಜಿಲ್ಲೆಯ ಅನೇಕ ಹಳ್ಳಿಗಳಲ್ಲಿ ಮೊಹರಂ ಸಮಯದ ಪೀರಲ ಹಬ್ಬಕ್ಕೆ ಹಿಂದೂಗಳೂ ಹರಕೆ ಹೊರುವುದುಂಟು. ಆದರೂ ಇಂತಹ ನೆಲದಿಂದ ದುಬೈ, ದೋಹಾ, ಕುವೈತ್, ಮಸ್ಕತ್‌ಗಳಿಗೆ ಉದ್ಯೋಗಕ್ಕೆಂದು ತೆರಳುವ ಹಿಂದೂ, ಜೈನ ಅಥವಾ ಕ್ರೈಸ್ತ ಕುಟುಂಬವು ಅಲ್ಲಿನ ಮೊದಲ ರಂಜಾನಿನಲ್ಲಿ ಗಲಿಬಿಲಿಗೊಳ್ಳುವುದು ಸಹಜ.

ಕಾರಣವಿಷ್ಟೆ. ಇಲ್ಲಿ ರಂಜಾನ್ ನೆರೆಮನೆಯ ತಿಂಗಳು. ಅಲ್ಲಿ ಅದು ರಾಜ್ಯದ ತಿಂಗಳು. ಇಲ್ಲಿ ಹೋಟೆಲು ಎಂದಿನಂತೆ ತೆರೆದಿರುತ್ತದೆ. ಉಪವಾಸವಿಲ್ಲದವರ ದಿನಚರಿಗೆ ಯಾವ ಅಡಚಣೆಯೂ ಇಲ್ಲ. ಅಲ್ಲಿ ಕಚೇರಿ, ಶಾಲೆ, ಅಂಗಡಿ, ರಸ್ತೆಯ ಸಂಚಾರ ಇವೆಲ್ಲವುಗಳ ಗಡಿಯಾರವನ್ನೇ ಆ ತಿಂಗಳು ತಿರುಗಿಸಿಡುತ್ತದೆ. ಕೆಲವು ದೇಶಗಳಲ್ಲಿ ಹಗಲು ಹೊತ್ತು ಬೀದಿಯಲ್ಲಿ ನೀರು ಕುಡಿಯುವುದೂ ದಂಡಾರ್ಹ ಅಪರಾಧ. ಹೀಗಾಗಿ ಕಾನೂನು ಏನನ್ನು ಕೇಳುತ್ತದೆ, ಸೌಜನ್ಯ ಏನನ್ನು ಕೇಳುತ್ತದೆ ಎಂಬ ಎರಡನ್ನೂ ಬೇರೆ ಬೇರೆಯಾಗಿ ತಿಳಿದುಕೊಳ್ಳುವುದು ಅಗತ್ಯ. ಕಾನೂನು ದೇಶದಿಂದ ದೇಶಕ್ಕೆ ಬದಲಾಗುತ್ತದೆ, ವರ್ಷಗಳು ಕಳೆದಂತೆ ಸಡಿಲಗೊಂಡದ್ದೂ ಉಂಟು. ಸೌಜನ್ಯ ಮಾತ್ರ ಎಲ್ಲೆಡೆ ಬಹುತೇಕ ಒಂದೇ.

ತಿಂಗಳ ಲೆಕ್ಕ

ಹಿಜರಿ ಪಂಚಾಂಗದ ಒಂಬತ್ತನೆಯ ತಿಂಗಳು ರಂಜಾನ್. ಅರಬ್ಬರು ಇದನ್ನು ರಮದಾನ್ ಎನ್ನುತ್ತಾರೆ. ಅಮಾವಾಸ್ಯೆಯ ನಂತರ ಪಶ್ಚಿಮದ ಆಗಸದಲ್ಲಿ ಬಾಲಚಂದ್ರನ ದರ್ಶನವಾದ ಮೇಲೆ ತಿಂಗಳು ಆರಂಭವಾಗುತ್ತದೆ. ಆದ್ದರಿಂದ ಆರಂಭದ ದಿನವೂ ಹಬ್ಬದ ದಿನವೂ ಹಿಂದಿನ ಸಂಜೆಯವರೆಗೆ ಖಚಿತವಾಗುವುದಿಲ್ಲ. ಭಾರತದಲ್ಲಿ ಸಾಮಾನ್ಯವಾಗಿ ಕೊಲ್ಲಿ ದೇಶಗಳಿಗಿಂತ ಒಂದು ದಿನ ತಡವಾಗಿ ರೋಜಾ ಆರಂಭವಾಗುತ್ತದೆ. 2024ರಲ್ಲಿ ಸೌದಿ ಅರೇಬಿಯಾ ಹಾಗೂ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಮಾರ್ಚ್ 11ರಂದು, ಭಾರತದಲ್ಲಿ ಮಾರ್ಚ್ 12ರಂದು ಮೊದಲ ರೋಜಾ ಆಚರಿಸಲಾಯಿತು. 2025ರಲ್ಲಿ ಅದು ಕ್ರಮವಾಗಿ ಮಾರ್ಚ್ 1 ಮತ್ತು ಮಾರ್ಚ್ 2.

ಕೊಲ್ಲಿ ದೇಶಗಳಲ್ಲಿಯೂ ಸದಾ ಏಕಾಭಿಪ್ರಾಯವಿರುವುದಿಲ್ಲ. 2025ರಲ್ಲಿ ಸೌದಿ, ಸಂಯುಕ್ತ ಅರಬ್ ಸಂಸ್ಥಾನ, ಕತಾರ್, ಕುವೈತ್, ಬಹರೈನ್‌ಗಳು ಮಾರ್ಚ್ 30ರಂದು ಈದುಲ್ ಫಿತ್ರ್ ಆಚರಿಸಿದರೆ ಒಮಾನ್ ಮಾರ್ಚ್ 31ರಂದು ಆಚರಿಸಿತು. ಹಬ್ಬದ ರಜೆಯಲ್ಲಿ ಊರಿಗೆ ಬರಲು ಮುಂಗಡ ಟಿಕೆಟ್ ಕೊಳ್ಳುವ ಕುಟುಂಬಗಳು ಈ ಒಂದು ದಿನದ ಅನಿಶ್ಚಿತತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಿಜರಿ ವರ್ಷಕ್ಕೆ ಸುಮಾರು 354 ದಿನಗಳು. ನಮ್ಮ ಚಾಂದ್ರಮಾನ ಪಂಚಾಂಗವೂ ಚಂದ್ರನನ್ನೇ ಅನುಸರಿಸುತ್ತದೆಯಾದರೂ ಎರಡೂವರೆ ವರ್ಷಕ್ಕೊಮ್ಮೆ ಎಂಬಂತೆ ಅಧಿಕ ಮಾಸವನ್ನು ಸೇರಿಸಿ ಋತುಗಳ ಜೊತೆ ಹೊಂದಿಸಿಕೊಳ್ಳುತ್ತದೆ. ಹಿಜರಿಯಲ್ಲಿ ಅಧಿಕ ಮಾಸವಿಲ್ಲ. ಹೀಗಾಗಿ ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತಾ ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 2010ರಲ್ಲಿ ಆಗಸ್ಟ್ 11ಕ್ಕೆ, 2015ರಲ್ಲಿ ಜೂನ್ 18ಕ್ಕೆ ಆರಂಭವಾಗಿದ್ದ ತಿಂಗಳು ಈಗ ಚಳಿಗಾಲದತ್ತ ಸಾಗಿದೆ. 2030ರಲ್ಲಿ ಜನವರಿಯಲ್ಲೊಮ್ಮೆ, ಡಿಸೆಂಬರಿನ ಕೊನೆಯಲ್ಲಿ ಮತ್ತೊಮ್ಮೆ, ಹೀಗೆ ಒಂದೇ ಇಸವಿಯಲ್ಲಿ ಎರಡು ಬಾರಿ ರಂಜಾನ್ ಆರಂಭವಾಗಲಿದೆ. ಜೂನ್ ತಿಂಗಳಿನಲ್ಲಿ ದುಬೈನ ಉಪವಾಸದ ಅವಧಿ ಸುಮಾರು 15 ಗಂಟೆ. ಚಳಿಗಾಲದಲ್ಲಿ ಅದು ಸುಮಾರು 12ರಿಂದ 13 ಗಂಟೆಗೆ ಇಳಿಯುತ್ತದೆ.

ಕಾನೂನಿನ ಚೌಕಟ್ಟು

ಮುಸ್ಲಿಮೇತರರು ಉಪವಾಸ ಮಾಡಬೇಕೆಂದು ಕೊಲ್ಲಿಯ ಯಾವ ದೇಶವೂ ವಿಧಿಸುವುದಿಲ್ಲ. ಕಾನೂನು ತಡೆಯುವುದು ಹಗಲು ಹೊತ್ತಿನಲ್ಲಿ, ಸಾರ್ವಜನಿಕ ಸ್ಥಳದಲ್ಲಿ, ಎಲ್ಲರಿಗೂ ಕಾಣುವಂತೆ ತಿನ್ನುವುದನ್ನು, ಕುಡಿಯುವುದನ್ನು ಹಾಗೂ ಧೂಮಪಾನವನ್ನು. ಸ್ವಂತ ಮನೆಯೊಳಗಿನ ಊಟಕ್ಕೆ ಅಡ್ಡಿಯಿಲ್ಲ. ಶಿಕ್ಷೆಯ ಸ್ವರೂಪ ಮಾತ್ರ ದೇಶದಿಂದ ದೇಶಕ್ಕೆ ಭಿನ್ನವಾಗಿದೆ.

ಕುವೈತ್: 1968ರ 44ನೇ ಕಾನೂನು ಇದಕ್ಕೆಂದೇ ರಚಿತವಾದದ್ದು. ಗರಿಷ್ಠ 100 ದಿನಾರ್ ದಂಡ, ಗರಿಷ್ಠ ಒಂದು ತಿಂಗಳ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಕತಾರ್: 2004ರ ದಂಡ ಸಂಹಿತೆಯ 267ನೇ ಕಲಮಿನ ಪ್ರಕಾರ ಗರಿಷ್ಠ ಮೂರು ತಿಂಗಳ ಸೆರೆವಾಸ, ಗರಿಷ್ಠ 3,000 ರಿಯಾಲ್ ದಂಡ, ಅಥವಾ ಎರಡೂ.

ಒಮಾನ್: 2018ರ ದಂಡ ಸಂಹಿತೆಯ 277ನೇ ಕಲಮು ಹತ್ತು ದಿನಗಳಿಗೆ ಕಡಿಮೆಯಿಲ್ಲದ, ಮೂರು ತಿಂಗಳು ಮೀರದ ಸೆರೆವಾಸವನ್ನು ವಿಧಿಸುತ್ತದೆ.

ಸೌದಿ ಅರೇಬಿಯಾ: ಸಾರ್ವಜನಿಕವಾಗಿ ತಿನ್ನುವ ಮುಸ್ಲಿಮೇತರ ವಿದೇಶೀಯರನ್ನು ಕೆಲಸದಿಂದ ತೆಗೆದು ದೇಶದಿಂದ ಹೊರಗೆ ಕಳಿಸಲಾಗುವುದೆಂದು 2014ರಲ್ಲಿ ಆಂತರಿಕ ಸಚಿವಾಲಯವು ಬಹಿರಂಗ ಎಚ್ಚರಿಕೆ ನೀಡಿತ್ತು.

ಸಂಯುಕ್ತ ಅರಬ್ ಸಂಸ್ಥಾನ: 1987ರ ದಂಡ ಸಂಹಿತೆಯ 313ನೇ ಕಲಮು ಗರಿಷ್ಠ ಒಂದು ತಿಂಗಳ ಸೆರೆವಾಸ ಅಥವಾ ಗರಿಷ್ಠ 2,000 ದಿರ್‌ಹಮ್ ದಂಡವನ್ನು ಹೇಳಿತ್ತು. ಆ ಸಂಹಿತೆಯ ಸ್ಥಾನದಲ್ಲಿ 2021ರ ಹೊಸ ಸಂಹಿತೆಯು 2022ರ ಜನವರಿ 2ರಂದು ಜಾರಿಗೆ ಬಂತು. ಅದಕ್ಕೂ ಮೊದಲೇ, 2021ರ ಏಪ್ರಿಲ್‌ನಲ್ಲಿ, ಹಗಲು ಹೊತ್ತು ಊಟದ ಸ್ಥಳವನ್ನು ಪರದೆಯಿಂದ ಮುಚ್ಚಬೇಕೆಂಬ ನಿಯಮವನ್ನು ದುಬೈ ಆಡಳಿತ ಕೈಬಿಟ್ಟಿತ್ತು. ಅಲ್ಲಿಯವರೆಗೆ ಮಾಲ್‌ಗಳಲ್ಲಿನ ಹೋಟೆಲುಗಳು ದಪ್ಪ ಪರದೆಗಳ ಹಿಂದೆ ವ್ಯವಹರಿಸುತ್ತಿದ್ದವು.

ಇಲ್ಲೊಂದು ಅಪಾಯವಿದೆ. ದುಬೈನಲ್ಲಿ ಕೆಲವು ವರ್ಷ ನೆಲೆಸಿ ಅಲ್ಲಿನ ಸಡಿಲಿಕೆಗೆ ಒಗ್ಗಿದ ಕುಟುಂಬವು ವರ್ಗಾವಣೆಯ ಮೇಲೆ ಕುವೈತ್‌ಗೋ ಮಸ್ಕತ್‌ಗೋ ಹೋದಾಗ ಅದೇ ಅಭ್ಯಾಸವನ್ನು ಮುಂದುವರಿಸಿದರೆ ತೊಂದರೆ ಕಟ್ಟಿಟ್ಟದ್ದು. ‘ಕೊಲ್ಲಿಯಲ್ಲಿ ಈಗ ಎಲ್ಲ ನಡೆಯುತ್ತದೆ’ ಎಂಬ ಮಾತು ಒಂದು ನಗರಕ್ಕೆ ನಿಜವಾದರೂ ಇಡೀ ಪ್ರದೇಶಕ್ಕೆ ಅನ್ವಯಿಸದು. ಕಾರಿನೊಳಗೆ ಕುಳಿತು ನೀರು ಕುಡಿಯುವುದನ್ನೂ ಸಾರ್ವಜನಿಕ ವರ್ತನೆಯೆಂದೇ ಭಾವಿಸಿ ದೂರವಿಡುವುದು ಕ್ಷೇಮ. ಸೌದಿ ಮತ್ತು ಕುವೈತ್‌ಗಳಲ್ಲಿ ಮದ್ಯ ವರ್ಷವಿಡೀ ನಿಷಿದ್ಧ. ಮಾರಾಟಕ್ಕೆ ಅವಕಾಶವಿರುವ ಕತಾರ್ ಹಾಗೂ ಒಮಾನ್‌ಗಳಲ್ಲಿಯೂ ರಂಜಾನಿನಲ್ಲಿ ಮದ್ಯದಂಗಡಿಗಳು ಮುಚ್ಚುತ್ತವೆ.

ದುಡಿಮೆಯ ವೇಳೆ: ಒಂದು ಪದದ ಅಂತರ

ರಂಜಾನಿನಲ್ಲಿ ಕೆಲಸದ ಅವಧಿ ಕಡಿಮೆಯಾಗುತ್ತದೆಂಬುದು ಎಲ್ಲರಿಗೂ ಗೊತ್ತು. ಯಾರಿಗೆ ಕಡಿಮೆಯಾಗುತ್ತದೆಂಬುದು ಹಲವರಿಗೆ ಗೊತ್ತಿಲ್ಲ. ಕಾರ್ಮಿಕ ಕಾನೂನಿನಲ್ಲಿ ‘ಕಾರ್ಮಿಕ’ ಎಂದಿದೆಯೋ, ‘ಮುಸ್ಲಿಂ ಕಾರ್ಮಿಕ’ ಎಂದಿದೆಯೋ ಎಂಬುದರ ಮೇಲೆ ಇದು ನಿಂತಿದೆ.

ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಖಾಸಗಿ ವಲಯದ ಎಲ್ಲ ನೌಕರರಿಗೂ, ಧರ್ಮಭೇದವಿಲ್ಲದೆ, ದಿನದ ದುಡಿಮೆ ಎರಡು ಗಂಟೆ ಕಡಿತಗೊಳ್ಳುತ್ತದೆ. ಕತಾರ್‌ನ 2004ರ ಕಾರ್ಮಿಕ ಕಾನೂನು ವಾರಕ್ಕೆ 48 ಗಂಟೆಯ ಮಿತಿಯನ್ನು ರಂಜಾನಿನಲ್ಲಿ 36 ಗಂಟೆಗೆ ಇಳಿಸುತ್ತದೆ. ಕುವೈತ್‌ನ 2010ರ ಕಾನೂನಿನಲ್ಲಿಯೂ 36 ಗಂಟೆಯ ಮಿತಿಯಿದ್ದು ಇವೆರಡೂ ಧರ್ಮದ ಷರತ್ತು ಹಾಕುವುದಿಲ್ಲ. ಆದರೆ ಸೌದಿಯ ಕಾರ್ಮಿಕ ಕಾನೂನಿನ 98ನೇ ಕಲಮು ದಿನಕ್ಕೆ ಆರು, ವಾರಕ್ಕೆ 36 ಗಂಟೆಗಳ ಮಿತಿಯನ್ನು ಮುಸ್ಲಿಂ ನೌಕರರಿಗೆ ಮಾತ್ರ ನೀಡುತ್ತದೆ. ಬಹರೈನ್‌ನ 2012ರ ಕಾನೂನು ಹಾಗೂ ಒಮಾನ್‌ನ 2023ರ ಕಾನೂನು ಕೂಡ ಇದೇ ಬಗೆಯವು. ಒಮಾನ್‌ನಲ್ಲಿ ಮಿತಿ ವಾರಕ್ಕೆ 30 ಗಂಟೆ.

ಇದರ ಪರಿಣಾಮವನ್ನು ಹೀಗೆ ಊಹಿಸಿಕೊಳ್ಳಬಹುದು. ಸಿರುಗುಪ್ಪದ ಒಂದೇ ಓಣಿಯಿಂದ ಹೋದ ಇಬ್ಬರು ರಿಯಾದ್‌ನ ಒಂದೇ ಸಂಸ್ಥೆಯಲ್ಲಿದ್ದರೆ ರಂಜಾನಿನಲ್ಲಿ ಮುಸ್ಲಿಂ ನೌಕರನಿಗೆ ಆರು ಗಂಟೆಯ ದುಡಿಮೆ ಹಕ್ಕು. ಹಿಂದೂ ನೌಕರನಿಗೆ ಎಂದಿನ ಎಂಟು ಗಂಟೆಯೇ. ಇದೇ ಇಬ್ಬರು ಶಾರ್ಜಾದಲ್ಲಿದ್ದರೆ ಇಬ್ಬರೂ ಒಟ್ಟಿಗೆ ಮನೆಗೆ ಮರಳುತ್ತಾರೆ. ವ್ಯವಹಾರದ ಅನುಕೂಲಕ್ಕೆಂದು ಎಲ್ಲರಿಗೂ ಒಂದೇ ವೇಳಾಪಟ್ಟಿ ಇಡುವ ಸಂಸ್ಥೆಗಳೂ ಇವೆಯಾದರೂ ಅದು ಮಾಲೀಕರ ಔದಾರ್ಯವೇ ಹೊರತು ನೌಕರರ ಹಕ್ಕಲ್ಲ. ಉದ್ಯೋಗದ ಕರಾರಿಗೆ ಸಹಿ ಹಾಕುವ ಮೊದಲೇ ಇದನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು. ಉಪವಾಸದಲ್ಲಿರುವ ಸಹೋದ್ಯೋಗಿ ಮಧ್ಯಾಹ್ನವೇ ಹೊರಟ ಮೇಲೆ ಉಳಿದ ಕೆಲಸ ಯಾರ ಹೆಗಲಿಗೆ ಬೀಳುತ್ತದೆಂಬ ಪ್ರಶ್ನೆ ಮೊದಲ ವಾರವೇ ಎದುರಾಗುತ್ತದೆ. ತಿಂಗಳ ಆರಂಭಕ್ಕೆ ಮುನ್ನವೇ ಅದನ್ನು ಮಾತನಾಡಿ ಇತ್ಯರ್ಥಪಡಿಸಿಕೊಂಡರೆ ಮನಸ್ತಾಪಕ್ಕೆ ಎಡೆಯಿರದು.

ಕುಟುಂಬವಿಲ್ಲದವರ ರಂಜಾನ್

‘ಅನಿವಾಸಿ ಕುಟುಂಬ’ ಎಂಬ ಮಾತೇ ಒಂದು ಆದಾಯ ಮಟ್ಟವನ್ನು ಸೂಚಿಸುತ್ತದೆ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ತಿಂಗಳಿಗೆ ಕನಿಷ್ಠ 4,000 ದಿರ್‌ಹಮ್, ಅಥವಾ 3,000 ದಿರ್‌ಹಮ್ ಜೊತೆಗೆ ವಸತಿ ಇರಬೇಕೆಂಬ ನಿಯಮವಿದೆ. ಕಟ್ಟಡ ಕಾರ್ಮಿಕರು, ಚಾಲಕರು, ಶುಚಿತ್ವ ಕೆಲಸಗಾರರಲ್ಲಿ ಹೆಚ್ಚಿನವರು ಈ ಮಿತಿಯ ಕೆಳಗಿದ್ದು ಕಾರ್ಮಿಕ ಶಿಬಿರಗಳಲ್ಲಿ ಒಂಟಿಯಾಗಿ ಬದುಕುತ್ತಾರೆ. ಹತ್ತನೇ ತರಗತಿ ಮುಗಿಸದೆ ಹೊರಡುವವರು 1983ರ ವಲಸೆ ಕಾಯ್ದೆಯ ಅನ್ವಯ ಅನುಮತಿ ಪಡೆದೇ ಹೋಗಬೇಕಾದ ದೇಶಗಳ ಪಟ್ಟಿಯಲ್ಲಿ ಕೊಲ್ಲಿಯ ಆರೂ ದೇಶಗಳಿವೆ.

ಮುಚ್ಚಿದ ಕೋಣೆಯ ಅನುಕೂಲ ಇವರಿಗಿಲ್ಲ. ಬಯಲಿನಲ್ಲಿ ದುಡಿಯುವ ಮುಸ್ಲಿಮೇತರ ಕಾರ್ಮಿಕನಿಗೆ ನೀರು ಕುಡಿಯಲು ಮರೆಯಾದ ಜಾಗ ಬೇಕು, ಅದನ್ನು ಕಲ್ಪಿಸಬೇಕಾದವನು ಮಾಲೀಕ. ರಂಜಾನ್ ಬೇಸಿಗೆಯಲ್ಲಿ ಬಂದ ವರ್ಷಗಳಲ್ಲಿ ಇದು ಆರೋಗ್ಯದ ಪ್ರಶ್ನೆಯೇ ಆಗಿತ್ತು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವುದಕ್ಕೆ ನಿಷೇಧವಿದೆ. ಈಗಿನ ಚಳಿಗಾಲದ ರಂಜಾನಿನಲ್ಲಿ ಬಾಯಾರಿಕೆ ಕಡಿಮೆಯಾದರೂ ಮರೆಯಾದ ಜಾಗದ ಅಗತ್ಯ ತಪ್ಪಿಲ್ಲ.

ಮತ್ತೊಂದೆಡೆ, ಸಂಜೆಯಾಗುತ್ತಿದ್ದಂತೆ ಮಸೀದಿಗಳ ಬಳಿ ಹಾಕುವ ಇಫ್ತಾರ್ ಡೇರೆಗಳಲ್ಲಿ ಸಾಲಾಗಿ ಕುಳಿತವರ ಧರ್ಮವನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಅಬುಧಾಬಿಯ ಶೇಖ್ ಜಾಯೆದ್ ಮಹಾಮಸೀದಿಯ ಆವರಣದ ಉಚಿತ ಇಫ್ತಾರ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಮನೆಗೆ ಹಣ ಉಳಿಸಿ ಕಳಿಸುವ ಕಾರ್ಮಿಕನಿಗೆ ತಿಂಗಳಿಡೀ ಒಂದು ಹೊತ್ತಿನ ಊಟ ಉಳಿಯುವುದೆಂದರೆ ಅದು ಸಣ್ಣ ಸಂಗತಿಯಲ್ಲ.

ಮಕ್ಕಳು ಮತ್ತು ಶಾಲೆ

ಪ್ರಾಯಕ್ಕೆ ಬಾರದ ಮಕ್ಕಳು, ರೋಗಿಗಳು, ಪ್ರಯಾಣಿಕರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಇವರಿಗೆ ಇಸ್ಲಾಮಿನಲ್ಲಿಯೇ ಉಪವಾಸದಿಂದ ವಿನಾಯಿತಿಯಿದೆ. ಆದ್ದರಿಂದ ಪುಟ್ಟ ಮಗು ಬಾಟಲಿಯಿಂದ ನೀರು ಕುಡಿದರೆ ಯಾರೂ ಆಕ್ಷೇಪಿಸುವುದಿಲ್ಲ. ಮುಸ್ಲಿಮೇತರ ಗರ್ಭಿಣಿಗೂ ಆಹಾರ ನೀರು ಅನಿವಾರ್ಯ. ಆದರೆ ಆಕೆ ಬೀದಿಯಲ್ಲಿ ಸೇವಿಸುವುದಕ್ಕಿಂತ ಆಸ್ಪತ್ರೆ, ಕಚೇರಿ ಅಥವಾ ಮಾಲ್‌ನ ಒಳಗೆ ಒಂದು ಮರೆಯ ಜಾಗವನ್ನು ಕೇಳಿ ಪಡೆಯುವುದು ಲೇಸು. ಕೇಳಿದರೆ ಇಲ್ಲವೆನ್ನುವವರು ವಿರಳ.

ಶಾಲೆಗಳ ಅವಧಿಯೂ ಮೊಟಕಾಗುತ್ತದೆ. ದುಬೈನ ಖಾಸಗಿ ಶಾಲೆಗಳು ರಂಜಾನಿನಲ್ಲಿ ದಿನಕ್ಕೆ ಐದು ಗಂಟೆ ಮೀರದಂತೆ ನಡೆಯುತ್ತವೆ. ಉಪವಾಸವಿಲ್ಲದ ಮಕ್ಕಳು ಬುತ್ತಿ ಬಿಚ್ಚಲು ಪ್ರತ್ಯೇಕ ಕೋಣೆ ಗೊತ್ತುಪಡಿಸುವುದು ಸಾಮಾನ್ಯ ಪದ್ಧತಿ. ಇದು ಮಗುವನ್ನು ದೂರವಿಡಲು ಮಾಡಿದ್ದಲ್ಲ, ಹಸಿದ ಗೆಳೆಯನ ಎದುರು ತಿನ್ನದಿರಲೆಂದು ಮಾಡಿದ್ದು ಎಂಬುದನ್ನು ತಂದೆತಾಯಿ ಮೊದಲೇ ಹೇಳಿಕೊಟ್ಟಿದ್ದರೆ ಮಗುವಿನ ಮನಸ್ಸಿನಲ್ಲಿ ಕಹಿ ಉಳಿಯುವುದಿಲ್ಲ.

2024 ಮತ್ತು 2025ರಲ್ಲಿ ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯ 10 ಹಾಗೂ 12ನೇ ತರಗತಿ ಪರೀಕ್ಷೆಗಳ ಒಂದು ಭಾಗ ರಂಜಾನಿನಲ್ಲೇ ನಡೆಯಿತು. ನಡುರಾತ್ರಿಯವರೆಗೆ ಎಚ್ಚರವಾಗಿರುವ ಬೀದಿ, ತಡವಾಗಿ ಮುಗಿಯುವ ತರಾವೀಹ್ ಪ್ರಾರ್ಥನೆ, ಬೆಳಗಿನ ಜಾವದ ಸಹರಿಯ ಗದ್ದಲ ಇವುಗಳ ನಡುವೆ ಓದುವ ವಿದ್ಯಾರ್ಥಿಗೆ ನಿದ್ರೆಯ ವೇಳೆಯನ್ನು ಮನೆಯವರೇ ಕಾಯ್ದು ಕೊಡಬೇಕಾಗುತ್ತದೆ.

ಗೆಳೆಯರನ್ನು ನೋಡಿ ತಾವೂ ಒಂದು ದಿನ ರೋಜಾ ಇರುತ್ತೇವೆಂದು ಹಟ ಹಿಡಿಯುವ ಮಕ್ಕಳೂ ಉಂಟು. ಏಕಾದಶಿ, ಶಿವರಾತ್ರಿಗಳ ಉಪವಾಸ ಕಂಡ ಮನೆಗೆ ಇದು ಅಪರಿಚಿತ ಭಾವವಲ್ಲ. ಆದರೆ ರೋಜಾದಲ್ಲಿ ನೀರೂ ವರ್ಜ್ಯವೆಂಬುದನ್ನು ತಿಳಿಸಿ, ಮಗುವಿನ ವಯಸ್ಸು ಮತ್ತು ಆರೋಗ್ಯ ನೋಡಿ ತೀರ್ಮಾನಿಸುವುದು ಹಿರಿಯರ ಹೊಣೆ.

ಮಕ್ಕಳಿಗೆ ಅತಿ ಪ್ರಿಯವಾದುದು ರಂಜಾನಿನ ನಡುವಿನ ಹುಣ್ಣಿಮೆಯ ಆಸುಪಾಸಿನ ಹಬ್ಬ. ಕತಾರ್‌ನಲ್ಲಿ ಗರಂಗಾವೋ, ಕುವೈತ್‌ನಲ್ಲಿ ಗಿರ್ಗಿಯಾನ್, ಒಮಾನ್‌ನಲ್ಲಿ ಕರಂಕಶೋ ಎಂದು ಹೆಸರು. ಮಕ್ಕಳು ಚೀಲ ಹಿಡಿದು ಹಾಡುತ್ತಾ ಮನೆಮನೆಗೆ ಹೋಗಿ ಬಾದಾಮಿ, ಮಿಠಾಯಿ ಸಂಗ್ರಹಿಸುತ್ತಾರೆ. ಸಂಕ್ರಾಂತಿಗೆ ಎಳ್ಳು ಬೆಲ್ಲದ ತಟ್ಟೆ ಹಿಡಿದು ಮನೆಮನೆ ಸುತ್ತಿದ ಕನ್ನಡದ ತಾಯಿಗೆ ಬಾಗಿಲಲ್ಲಿ ನಿಂತ ಅರಬ್ ಮಕ್ಕಳಿಗೆ ಏನು ಕೊಡಬೇಕೆಂದು ಯಾರೂ ಕಲಿಸಬೇಕಾಗಿಲ್ಲ.

ಅಡುಗೆಮನೆ, ಅಂಗಡಿ, ರಸ್ತೆ

ಮನೆಯ ಅಡುಗೆಗೆ ನಿರ್ಬಂಧವಿಲ್ಲವಾದರೂ ಒತ್ತೊತ್ತಾಗಿರುವ ಅಪಾರ್ಟ್‌ಮೆಂಟುಗಳಲ್ಲಿ ಮಧ್ಯಾಹ್ನದ ಒಗ್ಗರಣೆಯ ಘಮ ಪಕ್ಕದ ಮನೆಗೆ ಹೋಗುವುದು ಖಚಿತ. ಕಿಟಕಿ ಮುಚ್ಚಿ ಅಡುಗೆ ಮಾಡುವುದು ಅಥವಾ ಬೆಳಿಗ್ಗೆಯೇ ಮುಗಿಸುವುದು ಕಾನೂನಲ್ಲ. ಅನೇಕ ಕುಟುಂಬಗಳು ತಾವಾಗಿಯೇ ರೂಢಿಸಿಕೊಂಡ ನಡವಳಿಕೆ. ಹಗಲು ಮುಚ್ಚಿರುವ ಹೋಟೆಲುಗಳನ್ನು ನಂಬಿ ಕಚೇರಿಗೆ ಬರಿಗೈಲಿ ಹೋದವರು ಹಸಿದಿರಬೇಕಾದೀತು. ಬುತ್ತಿ ಕಟ್ಟುವುದೇ ಸರಿ.

ಸಿರುಗುಪ್ಪದವರಿಗೆ ಪರಿಚಿತವಾದ ಸೋನಾ ಮಸೂರಿ ಅಕ್ಕಿ ಕೊಲ್ಲಿಯ ಅಂಗಡಿಗಳಲ್ಲಿ ಸಿಗುತ್ತದೆ. ಭಾರತ ಸರ್ಕಾರವು 2023ರ ಜುಲೈ 20ರಂದು ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತು ನಿಷೇಧಿಸಿದ್ದು, 2024ರ ರಂಜಾನ್ ಆ ನಿಷೇಧದ ನಡುವೆಯೇ ಕಳೆಯಿತು. ಅದೇ ವರ್ಷದ ಸೆಪ್ಟೆಂಬರ್ 28ರಂದು ನಿಷೇಧ ತೆರವಾಯಿತು. ರಂಜಾನಿಗೆ ಮುನ್ನ ಅಂಗಡಿಗಳಲ್ಲಿ ರಿಯಾಯಿತಿ ಮಾರಾಟವೂ ಜನಜಂಗುಳಿಯೂ ಇರುವುದರಿಂದ ತಿಂಗಳ ದಿನಸಿಯನ್ನು ಮೊದಲೇ ತಂದಿಡುವುದು ವಾಡಿಕೆ.

ಸೂರ್ಯಾಸ್ತಕ್ಕೆ ಮುಂಚಿನ ಅರ್ಧ ಗಂಟೆ ರಸ್ತೆಯಲ್ಲಿ ಅತ್ಯಂತ ಅಪಾಯದ ವೇಳೆ. ದಿನವಿಡೀ ನೀರಿಲ್ಲದೆ ದಣಿದ ಚಾಲಕರು ಮನೆ ಸೇರುವ ಆತುರದಲ್ಲಿರುತ್ತಾರೆ. ದುಬೈನಲ್ಲಿ ತೋಪು ಹಾರಿದ ಬಳಿಕ ಅದೇ ರಸ್ತೆಗಳು ನಿರ್ಜನವಾಗುತ್ತವೆ. ಅನುಭವಿಗಳು ಹೊರಗಿನ ಕೆಲಸವನ್ನು ಈ ಎರಡರ ನಂತರಕ್ಕೆ ಇಟ್ಟುಕೊಳ್ಳುತ್ತಾರೆ. ರಾತ್ರಿ ಒಂಬತ್ತರ ಬಳಿಕ ಮಾರುಕಟ್ಟೆಗಳು ಜೀವ ತಳೆಯುತ್ತವೆ.

ಇಫ್ತಾರಿನ ಆಹ್ವಾನ ಬಂದಾಗ

ಸಹೋದ್ಯೋಗಿಯೋ ನೆರೆಯವರೋ ಇಫ್ತಾರಿಗೆ ಕರೆದರೆ ಸಕಾರಣವಿಲ್ಲದೆ ನಿರಾಕರಿಸುವುದು ಶೋಭೆಯಲ್ಲ. ಸೂರ್ಯಾಸ್ತಕ್ಕೆ ಹತ್ತು ನಿಮಿಷ ಮೊದಲೇ ತಲುಪಬೇಕು. ಬಾಂಗು ಆಗುವವರೆಗೆ ಅತಿಥಿಯೂ ಕಾಯುವುದು ಪದ್ಧತಿ. ಖರ್ಜೂರ ಮತ್ತು ನೀರಿನಿಂದ ಆರಂಭವಾಗಿ, ಆತಿಥೇಯರು ನಮಾಜು ಮುಗಿಸಿ ಬಂದ ಮೇಲೆ ಊಟ ಮುಂದುವರಿಯುತ್ತದೆ. ಹೆಗಲು, ಮೊಣಕಾಲು ಮುಚ್ಚುವ ಉಡುಪು ಒಪ್ಪುತ್ತದೆ. ‘ರಮದಾನ್ ಕರೀಂ’ ಅಥವಾ ‘ರಮದಾನ್ ಮುಬಾರಕ್’ ಎಂಬ ಶುಭಾಶಯ ಸಾಕು. ಕೈಯಲ್ಲಿ ಹಣ್ಣು ಅಥವಾ ಸಿಹಿ ಇರಲಿ.

ಸಸ್ಯಾಹಾರಿ ಕುಟುಂಬಗಳಿಗೆ ಇಲ್ಲಿ ನಿಜವಾದ ಇಕ್ಕಟ್ಟು ಎದುರಾಗುತ್ತದೆ. ಗೋಧಿ ಮತ್ತು ಮಾಂಸವನ್ನು ಕುದಿಸಿ ಅರೆದ ಹರೀಸ್ ರಂಜಾನಿನ ಮುಖ್ಯ ತಿನಿಸು. ಬೇಳೆಯ ಸೂಪಿನಲ್ಲಿಯೂ ಮಾಂಸದ ರಸ ಬೆರೆತಿರಬಹುದು. ಆಹ್ವಾನ ಒಪ್ಪುವಾಗಲೇ ಸಸ್ಯಾಹಾರಿಗಳೆಂದು ತಿಳಿಸಿಬಿಟ್ಟರೆ ಯಾರಿಗೂ ಮುಜುಗರವಿಲ್ಲ. ಕಡಲೆಯ ಹುಮ್ಮುಸ್, ಫತ್ತೂಷ್ ಎಂಬ ಸೊಪ್ಪು ತರಕಾರಿಯ ಸಲಾಡು, ಖರ್ಜೂರದ ಪಾಕ ಸುರಿದ ಲುಕೈಮಾತ್ ಎಂಬ ಕರಿದ ಸಿಹಿ ಇವು ಸಾಮಾನ್ಯವಾಗಿ ಸಸ್ಯಾಹಾರಿಗಳಿಗೂ ದೊರೆಯುವಂಥವು.

ಆಹ್ವಾನ ಒಮ್ಮುಖವಾಗಿಯೇ ಇರಬೇಕಿಲ್ಲ. ದುಬೈನ ಗುರುನಾನಕ್ ದರ್ಬಾರ್ ಗುರುದ್ವಾರವು ರಂಜಾನಿನಲ್ಲಿ ಇಫ್ತಾರ್ ಏರ್ಪಡಿಸುತ್ತಾ ಬಂದಿದೆ. ಮನೆಯ ಮಟ್ಟದಲ್ಲಿ ಇದು ಇನ್ನೂ ಸುಲಭ: ಸೂರ್ಯಾಸ್ತಕ್ಕೆ ಮುಂಚೆ ಒಂದು ತಟ್ಟೆ ಹಣ್ಣು, ಮೇಲೊಂದಿಷ್ಟು ಮೆಣಸಿನಕಾಯಿ ಬಜ್ಜಿ ಪಕ್ಕದ ಮನೆಗೆ ಕಳಿಸಿದರೂ ಆಯಿತು.

ಯುಗಾದಿ ರಂಜಾನಿನಲ್ಲಿ ಬಂದಾಗ

ಎರಡೂ ಪಂಚಾಂಗಗಳು ಅಮಾವಾಸ್ಯೆಯನ್ನು ಆಧರಿಸಿರುವುದರಿಂದ ಇತ್ತೀಚಿನ ವರ್ಷಗಳಲ್ಲಿ ಒಂದು ಸ್ವಾರಸ್ಯಕರ ಕೂಟ ಒದಗಿತು. ಸಂಯುಕ್ತ ಅರಬ್ ಸಂಸ್ಥಾನದ ದಿನಗಳನ್ನು ಹಿಡಿದು ನೋಡುವುದಾದರೆ:

2021: ಯುಗಾದಿ ಏಪ್ರಿಲ್ 13, ಅಂದೇ ಮೊದಲ ರೋಜಾ.
2022: ಯುಗಾದಿ ಏಪ್ರಿಲ್ 2, ಅಂದೇ ಮೊದಲ ರೋಜಾ.
2023: ಯುಗಾದಿ ಮಾರ್ಚ್ 22, ಮರುದಿನ ಮೊದಲ ರೋಜಾ.
2024: ಯುಗಾದಿ ಏಪ್ರಿಲ್ 9; ಅಂದು ಕೊನೆಯ ರೋಜಾ.
2025: ಯುಗಾದಿ ಮಾರ್ಚ್ 30; ಅಂದೇ ಈದುಲ್ ಫಿತ್ರ್.

ಮೊದಲ ಮೂರು ವರ್ಷ ರಂಜಾನಿನ ತಲೆಬಾಗಿಲಲ್ಲಿದ್ದ ಯುಗಾದಿ 2024ರಿಂದ ಹಿಂಬಾಗಿಲಿಗೆ ಬಂದದ್ದೇಕೆಂದರೆ 2023ರಲ್ಲಿ ಅಧಿಕ ಶ್ರಾವಣ ಬಂದದ್ದರಿಂದ. ಮೊದಲು ಚೈತ್ರದ ಜೊತೆ ನಡೆದ ರಂಜಾನ್ ಆಮೇಲೆ ಫಾಲ್ಗುಣದ ಜೊತೆಯಾಯಿತು.

ಮೊದಲ ರೋಜಾದ ದಿನ ಯುಗಾದಿ ಬಂದರೆ ಆಚರಣೆ ಹೇಗೆ? ಬೇವು ಬೆಲ್ಲಕ್ಕೂ ಒಬ್ಬಟ್ಟಿಗೂ ಮನೆಯೊಳಗೆ ಅಡ್ಡಿಯಿಲ್ಲ. ಬೇವಿನ ಮರಗಳು ಕೊಲ್ಲಿಯ ನಗರಗಳಲ್ಲಿಯೂ ಇವೆ. ಕಚೇರಿಗೆ ಒಬ್ಬಟ್ಟು ಒಯ್ದು ಹಗಲಿನಲ್ಲಿ ಹಂಚುವುದನ್ನು ಮಾತ್ರ ಕೈಬಿಟ್ಟು, ಸಂಜೆ ಇಫ್ತಾರಿನ ಹೊತ್ತಿಗೆ ಕಳಿಸಿದರೆ ಅದಕ್ಕೇ ಹೆಚ್ಚಿನ ಬೆಲೆ. ಹೋಳಿಯ ಮಾತು ಬೇರೆ. 2024ರ ಮಾರ್ಚ್ 25, 2025ರ ಮಾರ್ಚ್ 14 ಎರಡೂ ರಂಜಾನಿನೊಳಗೆ ಬಂದವು. ಬಯಲಲ್ಲಿ ಬಣ್ಣ, ಹಲಗೆಯ ನಾದ, ಧ್ವನಿವರ್ಧಕ ಇವು ರಂಜಾನಿನ ಹಗಲಿಗೆ ಒಪ್ಪುವುದಿಲ್ಲ. ಒಳಾಂಗಣದಲ್ಲಿ, ಸದ್ದಿಲ್ಲದೆ ಆಚರಿಸುವುದು ಅಥವಾ ಮುಂದೂಡುವುದು ವಿವೇಕ. ಪಂಚಾಂಗದ ಲೆಕ್ಕದಂತೆ 2027ರಲ್ಲಿ ಮಹಾಶಿವರಾತ್ರಿಯು ರಂಜಾನಿನ ಕೊನೆಯ ದಿನಗಳಲ್ಲಿ ಬರಲಿದ್ದು, ಅಂದು ಒಂದೇ ಕಟ್ಟಡದ ಎರಡು ಮನೆಗಳಲ್ಲಿ ಎರಡು ಬಗೆಯ ಉಪವಾಸ ನಡೆಯಲಿದೆ.

ದೇವಾಲಯದ ಸೌಲಭ್ಯವೂ ಎಲ್ಲೆಡೆ ಒಂದೇ ತೆರನಾಗಿಲ್ಲ. ಮಸ್ಕತ್‌ನಲ್ಲಿ ಹಳೆಯ ಶಿವಾಲಯವಿದೆ. ಮನಾಮಾದ ಶ್ರೀನಾಥಜಿ ದೇವಾಲಯ ಶತಮಾನಗಳ ಹಿಂದಿನದು. ದುಬೈನ ಜಬಲ್ ಅಲಿಯಲ್ಲಿ 2022ರ ಅಕ್ಟೋಬರಿನಲ್ಲಿ, ಅಬುಧಾಬಿಯಲ್ಲಿ 2024ರ ಫೆಬ್ರವರಿ 14ರಂದು ಹೊಸ ಮಂದಿರಗಳು ಉದ್ಘಾಟನೆಗೊಂಡವು. ಸೌದಿಯಲ್ಲಿ ದೇವಾಲಯವಿಲ್ಲ, ಪೂಜೆ ಮನೆಯೊಳಗೆ ಮಾತ್ರ. ಕುವೈತ್ ಕನ್ನಡ ಕೂಟ, ಬಹರೈನ್ ಕನ್ನಡ ಸಂಘ, ಕತಾರ್‌ನ ಕರ್ನಾಟಕ ಸಂಘ ಮೊದಲಾದ ಸಂಸ್ಥೆಗಳು ಹೊಸಬರಿಗೆ ಸ್ಥಳೀಯ ರೀತಿನೀತಿ ತಿಳಿಯಲು ನೆರವಾಗುತ್ತವೆ.

ದಾನದಲ್ಲಿಯೂ ನಿಯಮವಿದೆ

ರಂಜಾನ್ ದಾನದ ತಿಂಗಳು. ಊರಿನ ಶಾಲೆಗೋ ಆಸ್ಪತ್ರೆಯಲ್ಲಿರುವ ರೋಗಿಗೋ ಹಣ ಕೂಡಿಸೋಣವೆಂದು ಮೊಬೈಲ್ ಗುಂಪುಗಳಲ್ಲಿ ಸಂದೇಶ ಹಾಕುವ ಸಜ್ಜನರು ಈ ತಿಂಗಳಲ್ಲಿ ಹೆಚ್ಚು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2021ರ ದೇಣಿಗೆ ನಿಯಂತ್ರಣ ಕಾನೂನಿನಂತೆ ಪರವಾನಗಿಯಿಲ್ಲದೆ ಸಾರ್ವಜನಿಕವಾಗಿ ಹಣ ಸಂಗ್ರಹಿಸುವುದು ಅಪರಾಧ. ಉದ್ದೇಶ ಒಳ್ಳೆಯದೆಂಬುದು ಅಲ್ಲಿ ರಕ್ಷಣೆಯಾಗದು. ಅಧಿಕೃತ ಸಂಸ್ಥೆಗಳ ಮೂಲಕವೇ ಕೊಡಬೇಕು. ಭಿಕ್ಷಾಟನೆಯೂ ದಂಡಾರ್ಹ.

ಹೊರಡುವವರಿಗೆ ಸೂಚನೆ

ಮೊದಲ ರಂಜಾನಿಗೆ ಮುನ್ನ ಕುಟುಂಬವು ನಾಲ್ಕು ವಿಷಯ ಖಚಿತಪಡಿಸಿಕೊಳ್ಳಬೇಕು: ಆ ದೇಶದ ಆ ವರ್ಷದ ಅಧಿಕೃತ ಪ್ರಕಟಣೆ, ಉದ್ಯೋಗದಾತರ ವೇಳಾಪಟ್ಟಿ ತನಗೆ ಅನ್ವಯಿಸುತ್ತದೆಯೇ ಎಂಬುದು, ಶಾಲೆಯ ಹೊಸ ಸಮಯ, ಹಾಗೂ ಹಗಲು ಹೊತ್ತು ಊಟ ನೀರಿಗೆ ಗೊತ್ತಾದ ಸ್ಥಳ. ಹಳೆಯ ನಿವಾಸಿಗಳ ಮಾತು ಉಪಯುಕ್ತವಾದರೂ ಅದು ಅವರಿದ್ದ ದೇಶ ಮತ್ತು ವರ್ಷದ ಮಾತೆಂಬುದು ನೆನಪಿರಲಿ. ಉಳಿದದ್ದಕ್ಕೆ, ಉಪವಾಸದಲ್ಲಿರುವವರ ಎದುರು ತಿನ್ನಬಾರದು, ಹಬ್ಬದ ದಿನ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು ಎಂಬ ನಮ್ಮೂರಿನ ಓಣಿಯ ಪಾಠವೇ ಸಾಕು.